ಮತ್ತೆ ಕೈಮಾಡುವನೇ? ಕೌಟುಂಬಿಕ ಹಿಂಸೆ ಮರುಕಳಿಸುವ ಅಪಾಯದ ಅಂದಾಜು

ಹೆಂಡತಿಯ ಮೇಲೆ ಒಮ್ಮೆ ಕೈಮಾಡಿದವನು ಮತ್ತೆ ಕೈಮಾಡುತ್ತಾನೆಯೇ? ಮಾಡಿದರೆ ಎಷ್ಟು ಬೇಗ, ಎಷ್ಟು ಘೋರವಾಗಿ? ದೂರು ಬರೆದುಕೊಳ್ಳುವ ಸಬ್‌ಇನ್‌ಸ್ಪೆಕ್ಟರ್, ಜಾಮೀನು ಅರ್ಜಿ ಕೈಗೆತ್ತಿಕೊಂಡ ನ್ಯಾಯಾಧೀಶರು, ಒಡೆದ ಹುಬ್ಬಿಗೆ ಹೊಲಿಗೆ ಹಾಕುವ ನರ್ಸ್, ಮಗಳನ್ನು ಗಂಡನ ಮನೆಗೆ ಮರಳಿ ಕಳಿಸಬೇಕೋ ಬೇಡವೋ ಎಂದು ತಲೆಯ ಮೇಲೆ ಕೈಹೊತ್ತು ಕುಳಿತ ತಂದೆತಾಯಿ ಎಲ್ಲರೂ ಈ ಪ್ರಶ್ನೆಗೆ ಒಂದಲ್ಲ ಒಂದು ರೀತಿ ಉತ್ತರ ಕೊಡುತ್ತಲೇ ಇರುತ್ತಾರೆ. 'ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿ' ಎಂದು ಯಾರಾದರೂ ಹೇಳಿದ ಕ್ಷಣದಲ್ಲಿ ಅಪಾಯ ಕಡಿಮೆ ಎಂಬ ತೀರ್ಮಾನ ಆಗಿಹೋಗಿರುತ್ತದೆ. ಆ ತೀರ್ಮಾನವನ್ನು ಒಬ್ಬೊಬ್ಬರ ಊಹೆಗೆ, ಆ ಹೊತ್ತಿನ ಅವಸರಕ್ಕೆ ಬಿಡದೆ, ಹಿಂದಿನ ಪ್ರಕರಣಗಳು ಕಲಿಸಿದ್ದನ್ನು ಮುಂದಿಟ್ಟುಕೊಂಡು ಮಾಡುವ ವಿಧಾನಕ್ಕೆ ಅಪಾಯದ ಅಂದಾಜು ಎನ್ನುತ್ತಾರೆ. 1980ರ ದಶಕದಲ್ಲಿ ಉತ್ತರ ಅಮೆರಿಕದ ಆಸ್ಪತ್ರೆಗಳಲ್ಲಿ ಮತ್ತು ಮಹಿಳಾ ಆಶ್ರಯಧಾಮಗಳಲ್ಲಿ ಮೊಳೆತ ಈ ವಿಧಾನ ಇಂದು ಅನೇಕ ದೇಶಗಳ ಪೊಲೀಸ್ ಕೆಲಸದ ಭಾಗವಾಗಿದೆ.

ಇಲ್ಲಿ ಪ್ರಶ್ನೆಗಳು ಎರಡು. ಮತ್ತೆ ಹೊಡೆಯುತ್ತಾನೆಯೇ ಎಂಬುದು ಒಂದು, ಕೊಲ್ಲುತ್ತಾನೆಯೇ ಎಂಬುದು ಇನ್ನೊಂದು. ಮೊದಲನೆಯದು ತೀರ ಸಾಮಾನ್ಯವಾಗಿ ನಡೆಯುವಂಥದ್ದು, ಎರಡನೆಯದು ಅಪರೂಪದ್ದು. ವರ್ಷಗಟ್ಟಲೆ ಹೊಡೆದವನು ಕೊಲ್ಲುವ ಮಟ್ಟಕ್ಕೆ ಹೋಗದಿರಬಹುದು. ಠಾಣೆಯ ದಾಖಲೆಯಲ್ಲಿ ಒಂದೂ ದೂರಿಲ್ಲದವನು, ಹೆಂಡತಿ ಬಿಟ್ಟುಹೋಗುತ್ತೇನೆಂದ ದಿನವೇ ಕೊಂದುಬಿಡಬಹುದು. ಹಾಗಾಗಿ ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಪ್ರಶ್ನಾವಳಿಗಳು ಹುಟ್ಟಿಕೊಂಡಿವೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಅನ್ವಯಿಸಿದ್ದರಿಂದಲೇ ಆದ ಅನಾಹುತಗಳು ಕಡಿಮೆಯಿಲ್ಲ.

ಕೊಲೆಯ ಅಪಾಯವನ್ನು ಅಳೆಯುವ ಮೊದಲ ಗಂಭೀರ ಪ್ರಯತ್ನ ಮಾಡಿದವರು ಅಮೆರಿಕದ ಜಾಕ್ಲಿನ್ ಕ್ಯಾಂಪ್‌ಬೆಲ್. ಅವರು ವೃತ್ತಿಯಿಂದ ನರ್ಸ್. ಮುಂದೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯಲ್ಲಿ ಪ್ರಾಧ್ಯಾಪಕಿಯಾದವರು. 1985ರಲ್ಲಿ ಅವರು ರೂಪಿಸಿದ 'ಡೇಂಜರ್ ಅಸೆಸ್‌ಮೆಂಟ್' ಶುರುವಾಗುವುದು ಪ್ರಶ್ನೆಗಳಿಂದಲ್ಲ, ಒಂದು ಕ್ಯಾಲೆಂಡರಿನಿಂದ. ಕಳೆದ ಒಂದು ವರ್ಷದ ಹಾಳೆಗಳನ್ನು ಹೆಂಗಸಿನ ಮುಂದೆ ಹರಡಿ, ಪೆಟ್ಟು ಬಿದ್ದ ದಿನಗಳನ್ನು ಗುರುತಿಸಲು ಹೇಳುತ್ತಾರೆ. ಪ್ರತಿ ಗುರುತಿನ ಪಕ್ಕ ಒಂದರಿಂದ ಐದರವರೆಗೆ ಒಂದು ಅಂಕಿ: ಕಪಾಳಕ್ಕೆ ಹೊಡೆತ, ನೂಕಾಟಕ್ಕೆ ಒಂದು, ಗುದ್ದು, ಒದೆತ, ಕಂದಿದ ಗಾಯಕ್ಕೆ ಎರಡು, ಸುಟ್ಟಗಾಯ, ಮೂಳೆ ಮುರಿತಕ್ಕೆ ಮೂರು, ಆಯುಧ ತೋರಿಸಿ ಬೆದರಿಸಿದ್ದಕ್ಕೆ, ತಲೆಗೆ ಪೆಟ್ಟಾದದ್ದಕ್ಕೆ ನಾಲ್ಕು, ಆಯುಧವನ್ನೇ ಬಳಸಿದ್ದರೆ ಐದು. ಹಬ್ಬ, ಮಗುವಿನ ಹುಟ್ಟುಹಬ್ಬ, ಸಂಬಳದ ದಿನ ಎಂದು ನೆನಪಿಸಿಕೊಳ್ಳುತ್ತ ಗುರುತು ಹಾಕುವಾಗ, 'ಯಾವಾಗಲೋ ಒಮ್ಮೆ ಹೊಡೆಯುತ್ತಾರೆ ಅಷ್ಟೇ' ಎಂದು ಮಾತು ಆರಂಭಿಸಿದವಳಿಗೆ ತನ್ನದೇ ಕೈಬರಹದಲ್ಲಿ ಬೇರೊಂದು ಚಿತ್ರ ಕಾಣಿಸುತ್ತದೆ. ಗುರುತುಗಳ ನಡುವಿನ ಅಂತರ ಕಡಿಮೆಯಾಗುತ್ತ ಬಂದಿರುತ್ತದೆ, ಅಂಕಿಗಳು ಏರುತ್ತ ಬಂದಿರುತ್ತವೆ. ಹಿಂಸೆ ಹೆಚ್ಚಾಗಿಲ್ಲ ಎಂದು ಮೊದಲು ಹೇಳಿದ್ದ ಅನೇಕ ಹೆಂಗಸರು ಕ್ಯಾಲೆಂಡರ್ ಮುಗಿಸಿದ ಮೇಲೆ ಉತ್ತರ ಬದಲಿಸಿದ್ದನ್ನು ಕ್ಯಾಂಪ್‌ಬೆಲ್ ತಮ್ಮ ಮೊದಲ ಅಧ್ಯಯನದಲ್ಲೇ ಕಂಡರು. ಆಮೇಲೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದ 20 ಪ್ರಶ್ನೆಗಳಿವೆ. ಪರಿಷ್ಕೃತ ಪದ್ಧತಿಯಲ್ಲಿ 18 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಅದು ಅತ್ಯಂತ ಅಪಾಯದ ಮಟ್ಟ.

ಈ ಪ್ರಶ್ನೆಗಳ ಹಿಂದಿನ ಆಧಾರ ಗಟ್ಟಿಯಾದದ್ದು 2003ರಲ್ಲಿ. ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅಮೆರಿಕದ 11 ನಗರಗಳಲ್ಲಿ ಗಂಡ, ಮಾಜಿ ಗಂಡ ಅಥವಾ ಸಂಗಾತಿಯ ಕೈಯಲ್ಲಿ ಸತ್ತ ಹೆಂಗಸರ ಪ್ರಕರಣಗಳನ್ನು ಕಲೆಹಾಕಿ, ಸತ್ತವರ ಅಕ್ಕತಂಗಿಯರು, ತಾಯಂದಿರು, ಗೆಳತಿಯರನ್ನು ಮಾತಾಡಿಸಿದರು. ಸಾವಿಗೆ ಮುಂಚೆಯೇ ಹಿಂಸೆ ಅನುಭವಿಸಿದ್ದ 220 ಹೆಂಗಸರ ವಿವರಗಳನ್ನು, ಅದೇ ನಗರಗಳಲ್ಲಿ ಹಿಂಸೆ ಅನುಭವಿಸಿಯೂ ಬದುಕಿದ್ದ 343 ಹೆಂಗಸರ ವಿವರಗಳ ಜತೆ ಹೋಲಿಸಿ ನೋಡಿದರು. ಗಂಡಸಿನ ಕೈಗೆ ಬಂದೂಕು ಸಿಗುವಂತಿದ್ದರೆ ಕೊಲೆಯ ಅಪಾಯ ಐದು ಪಟ್ಟಿಗೂ ಮೇಲೆ. ಅವನಿಗೆ ಕೆಲಸವಿಲ್ಲದಿದ್ದರೆ ನಾಲ್ಕೈದು ಪಟ್ಟು. ಮನೆಯಲ್ಲಿ ಅವನದಲ್ಲದ ಮಗುವಿದ್ದರೆ ಎರಡು ಪಟ್ಟಿಗೂ ಹೆಚ್ಚು. ಹೆಂಡತಿಯ ಪ್ರತಿ ಹೆಜ್ಜೆಯನ್ನೂ ಹಿಡಿತದಲ್ಲಿಟ್ಟುಕೊಂಡವನನ್ನು ಅವಳು ಬಿಟ್ಟುಹೊರಟಾಗ ಅಪಾಯ ಸುಮಾರು ಒಂಬತ್ತು ಪಟ್ಟು. ಕೊಲ್ಲುತ್ತೇನೆಂಬ ಬೆದರಿಕೆ, ಬಲವಂತದ ಲೈಂಗಿಕ ಸಂಪರ್ಕ ಕೂಡ ಕೊಲೆಗೀಡಾದವರ ಪ್ರಕರಣಗಳಲ್ಲೇ ಹೆಚ್ಚಾಗಿ ಕಂಡವು. ಇದೇ ಅಧ್ಯಯನದ ಇನ್ನೊಂದು ಫಲಿತಾಂಶದ ಬಗ್ಗೆ ಅಷ್ಟು ಚರ್ಚೆಯಾಗಿಲ್ಲ, ಆಗಬೇಕಿತ್ತು: ಕೌಟುಂಬಿಕ ಹಿಂಸೆಗಾಗಿ ಹಿಂದೆ ಒಮ್ಮೆ ಬಂಧನಕ್ಕೊಳಗಾಗಿದ್ದ ಗಂಡಸರಲ್ಲಿ ಕೊಲೆಯ ಅಪಾಯ ಕಡಿಮೆಯಿತ್ತು.

ಕತ್ತು ಹಿಸುಕುವುದರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕ್ಯಾಂಪ್‌ಬೆಲ್ ಅವರ ಸಹೋದ್ಯೋಗಿ ನ್ಯಾನ್ಸಿ ಗ್ಲಾಸ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಕತ್ತು ಹಿಸುಕಿಸಿಕೊಂಡು ಬದುಕಿದ ಹೆಂಗಸು ಮುಂದೆ ಅದೇ ಗಂಡಸಿನ ಕೈಯಲ್ಲಿ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ಮುನ್ಸೂಚನೆ ಠಾಣೆಯ ಕಣ್ಣಿಗೆ ಬೀಳುವುದೇ ಕಷ್ಟ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಇಂಥ 300 ಪ್ರಕರಣಗಳನ್ನು ಪರಿಶೀಲಿಸಿದಾಗ, ಅರ್ಧದಷ್ಟು ಹೆಂಗಸರ ಕತ್ತಿನ ಮೇಲೆ ಕಾಣುವಂಥ ಗುರುತೇ ಇರಲಿಲ್ಲ. ಗೊತ್ತಿದ್ದವರು ಬೇರೆ ಲಕ್ಷಣಗಳನ್ನು ಹುಡುಕುತ್ತಾರೆ: ಒಡೆದ, ಗೊಗ್ಗರು ದನಿ, ಎಂಜಲು ನುಂಗಲೂ ನೋವು, ಕಣ್ಣಿನ ಬಿಳಿಯಲ್ಲಿ, ರೆಪ್ಪೆಯ ಒಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು, ಪ್ರಜ್ಞೆ ತಪ್ಪಿದಾಗ ಬಟ್ಟೆಯಲ್ಲೇ ಆದ ಮೂತ್ರ. ಕೊನೆಯದನ್ನು ನಾಚಿಕೆಯಿಂದ ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕತ್ತು ಹಿಸುಕುವುದನ್ನು 2021ರ ಕಾಯ್ದೆಯ ಮೂಲಕ ಪ್ರತ್ಯೇಕ ಅಪರಾಧವಾಗಿಸಿದರು. 2022ರ ಜೂನ್‌ನಲ್ಲಿ ಅದು ಜಾರಿಗೆ ಬಂತು.

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಎತ್ತಿಕೊಂಡದ್ದು ಮತ್ತೆ ಹೊಡೆಯುವ ಪ್ರಶ್ನೆಯನ್ನು. ಜೋಯಿ ಹಿಲ್ಟನ್, ಗ್ರಾಂಟ್ ಹ್ಯಾರಿಸ್, ಮಾರ್ನಿ ರೈಸ್ ಮತ್ತು ಜತೆಗಾರರು ಪ್ರಾಂತೀಯ ಪೊಲೀಸರೊಂದಿಗೆ ಸೇರಿ, ಹೆಂಡತಿ ಅಥವಾ ಸಂಗಾತಿಯ ಮೇಲಿನ ಹಲ್ಲೆಗಾಗಿ ದಾಖಲೆಗೆ ಬಂದ 589 ಗಂಡಸರ ಕಡತಗಳನ್ನು ಹಿಡಿದು, ಸುಮಾರು ಐದು ವರ್ಷಗಳಲ್ಲಿ ಏನಾಯಿತೆಂದು ಹಿಂಬಾಲಿಸಿ ನೋಡಿದರು. ಹತ್ತರಲ್ಲಿ ಮೂವರು ಮತ್ತೆ ಹಲ್ಲೆ ಮಾಡಿದ್ದರು. ಹಾಗೆ ಮಾಡಿದವರನ್ನು ಮಾಡದವರಿಂದ ಬೇರ್ಪಡಿಸಿದ 13 ಅಂಶಗಳನ್ನು ಸೇರಿಸಿ 2004ರಲ್ಲಿ ಹೊರತಂದದ್ದೇ 'ಒಡಾರಾ'. ಅಂಶಗಳೆಲ್ಲ ಪೊಲೀಸರಿಗೆ ಕೈಗೆಟುಕುವಂಥವು: ಹಿಂದಿನ ಹಲ್ಲೆಗಳು, 30 ದಿನ ಅಥವಾ ಹೆಚ್ಚಿನ ಜೈಲುಶಿಕ್ಷೆ, ಜಾಮೀನಿನ ಷರತ್ತು ಮುರಿದದ್ದು, ಬೆದರಿಕೆ, ಹೆಂಗಸನ್ನು ಕೂಡಿಹಾಕಿದ್ದು, ಬಸುರಿಯಿದ್ದಾಗ ಹೊಡೆದದ್ದು, ಕುಡಿತ ಅಥವಾ ಮಾದಕ ವಸ್ತು, ಮತ್ತೆ ಹೊಡೆಯುತ್ತಾನೆಂಬ ಅವಳ ಆತಂಕ, ಅವಳಿಗೆ ಸಹಾಯ ಸಿಗದಂತೆ ಮಾಡುವ ಅಡ್ಡಿಗಳು. ಒಂದು ಅಂಶಕ್ಕೆ ಒಂದು ಅಂಕ. ಸೊನ್ನೆ ಬಂದವರಲ್ಲಿ ನೂರಕ್ಕೆ ಸುಮಾರು ಐವರು ಮತ್ತೆ ಹಲ್ಲೆ ಮಾಡಿದರೆ, ಏಳು ಮತ್ತು ಮೇಲಿನ ಅಂಕದವರಲ್ಲಿ ಸುಮಾರು ಎಪ್ಪತ್ತು ಮಂದಿ. ಅಂಕ ಏರಿದಂತೆ ಮರುಹಲ್ಲೆ ಬೇಗ ನಡೆಯುತ್ತದೆ, ಪೆಟ್ಟೂ ಜೋರಾಗಿರುತ್ತದೆ ಎಂಬುದೂ ಕಂಡುಬಂತು.

ಅದೇ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿ ರ‍್ಯಾಂಡಲ್ ಕ್ರಾಪ್, ಸ್ಟೀಫನ್ ಹಾರ್ಟ್ ಮುಂತಾದವರು 1990ರ ದಶಕದಲ್ಲಿ ಬೇರೆ ಹಾದಿ ಹಿಡಿದಿದ್ದರು. ಅವರ 'ಸಾರಾ' ಎಂಬ 20 ಅಂಶಗಳ ಪಟ್ಟಿಯಲ್ಲಿ ಅಂಕ ಕೂಡಿಸಿ ತೀರ್ಪು ಕೊಡುವ ಪದ್ಧತಿಯಿಲ್ಲ. ತರಬೇತಿ ಪಡೆದ ಅಧಿಕಾರಿ ಎಲ್ಲ ಅಂಶಗಳನ್ನೂ ನೋಡಲೇಬೇಕು, ಆದರೆ ಕೊನೆಯ ನಿರ್ಣಯ ಅವರದೇ. ಅಂಕದ ಲೆಕ್ಕ ಮೇಲೋ, ಅನುಭವಿಯ ವಿವೇಚನೆ ಮೇಲೋ ಎಂಬ ವಾದ ಮೂರು ದಶಕಗಳಿಂದ ನಡೆದಿದೆ. ಕೆಲಸದ ಒತ್ತಡದಲ್ಲಿರುವ ಠಾಣೆಗೆ ಅಂಕದ ಲೆಕ್ಕ ಹೊಂದುತ್ತದೆ. ಪರೋಲ್ ಮಂಡಳಿಯಂಥ, ಸಮಯವಿರುವ ಕಡೆ ವಿವೇಚನೆಯ ಪದ್ಧತಿ ಹೆಚ್ಚು ಉಪಯುಕ್ತ. ಏಕೆ ಅಪಾಯ, ಯಾವ ಸನ್ನಿವೇಶದಲ್ಲಿ ಅಪಾಯ, ಏನು ಮಾಡಿದರೆ ಕಡಿಮೆಯಾದೀತು ಎಂಬುದನ್ನು ಬರೀ ಅಂಕ ಹೇಳುವುದಿಲ್ಲ.

ಅಂದಾಜು ಸರಿಯಿದ್ದೂ ಕೆಲಸ ಕೆಡುವುದು ಹೇಗೆ ಎನ್ನಲು ಒಂಟಾರಿಯೊದ ರೆನ್‌ಫ್ರೂ ಕೌಂಟಿಯೇ ಸಾಕ್ಷಿ. 2015ರ ಸೆಪ್ಟೆಂಬರ್ 22ರ ಬೆಳಿಗ್ಗೆ ಅಲ್ಲಿ ಒಬ್ಬನೇ ವ್ಯಕ್ತಿ ಒಂದರ ಹಿಂದೊಂದು ಮೂರು ಮನೆಗಳಿಗೆ ಹೋಗಿ, ತನಗೆ ಪರಿಚಯವಿದ್ದ ಮೂವರು ಹೆಂಗಸರನ್ನು ಕೊಂದ. ಅವರಲ್ಲಿ ಇಬ್ಬರ ಮೇಲಿನ ಹಿಂಸೆಗಾಗಿ ಅವನಿಗೆ ಮೊದಲೇ ಶಿಕ್ಷೆಯಾಗಿತ್ತು. ಬಿಡುಗಡೆಯಾಗುವಾಗ ಷರತ್ತಿನ ಪತ್ರಕ್ಕೆ ಸಹಿ ಹಾಕಲು ಒಪ್ಪಿರಲಿಲ್ಲ. ಹೋಗಬೇಕಿದ್ದ ಆಪ್ತಸಮಾಲೋಚನೆಗೆ ಹೋಗಿರಲಿಲ್ಲ. ಅವನು ಅಪಾಯಕಾರಿ ಎಂಬುದು ವ್ಯವಸ್ಥೆಗೆ ತಿಳಿಯದ ಸಂಗತಿಯಾಗಿರಲಿಲ್ಲ, ತಿಳಿದದ್ದರ ಬೆನ್ನಿಗೆ ಯಾರೂ ನಿಲ್ಲಲಿಲ್ಲ ಅಷ್ಟೇ. 2022ರಲ್ಲಿ ಈ ಸಾವುಗಳ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆ 86 ಶಿಫಾರಸುಗಳನ್ನು ಕೊಟ್ಟಿತು.

ತಿಳಿದ ಕೂಡಲೇ ಏನಾದರೂ ಮಾಡಬೇಕೆಂಬುದೇ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 2005ರಲ್ಲಿ ಶುರುವಾದ ಪದ್ಧತಿಯ ತಿರುಳು. ಕ್ಯಾಂಪ್‌ಬೆಲ್ ಅವರ ಪ್ರಶ್ನಾವಳಿಯಿಂದ 11 ಪ್ರಶ್ನೆಗಳನ್ನು ಆರಿಸಿ ಗಸ್ತಿನ ಪೊಲೀಸರ ಕೈಗೆ ಕೊಟ್ಟರು. ಕರೆ ಬಂದ ಮನೆಯ ಬಾಗಿಲಲ್ಲೇ ಗಂಡಸನ್ನು ದೂರ ನಿಲ್ಲಿಸಿ ಅಧಿಕಾರಿ ಕೇಳುತ್ತಾರೆ: ನಿಮ್ಮ ಮೇಲೆ ಆಯುಧ ಬಳಸಿದ್ದಾನೆಯೇ, ಬಳಸುತ್ತೇನೆಂದು ಬೆದರಿಸಿದ್ದಾನೆಯೇ? ನಿಮ್ಮನ್ನೋ ಮಕ್ಕಳನ್ನೋ ಕೊಲ್ಲುತ್ತೇನೆಂದಿದ್ದಾನೆಯೇ? ನಿಮ್ಮನ್ನು ಕೊಲ್ಲಲು ಯತ್ನಿಸಬಹುದು ಎಂದು ನಿಮಗೇ ಅನ್ನಿಸುತ್ತದೆಯೇ? ಈ ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಸಾಕು, ಅಥವಾ ಉಳಿದ ಎಂಟರಲ್ಲಿ ನಾಲ್ಕಕ್ಕೆ. ಅಧಿಕಾರಿ ಅಲ್ಲೇ ನಿಂತು ತಮ್ಮ ಫೋನಿನಿಂದ ಸಹಾಯವಾಣಿಗೆ ಕರೆ ಮಾಡುತ್ತಾರೆ. 'ನಿಮ್ಮಂಥ ಸ್ಥಿತಿಯಲ್ಲಿದ್ದ ಹೆಂಗಸರು ಕೊಲೆಯಾಗಿದ್ದಾರೆ' ಎಂದು ನೇರವಾಗಿ ಹೇಳಿ, ಮಾತಾಡುವಿರಾ ಎಂದು ಕೇಳುತ್ತಾರೆ. ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟು ಹೊರಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಕಟ್ಟಿದ್ದು ಸ್ಪೇನ್. ಅದರ ಹಿಂದೆ ಒಂದು ಸಾವಿದೆ. 1997ರ ಡಿಸೆಂಬರ್‌ನಲ್ಲಿ ಅನಾ ಒರಾಂತೆಸ್ ಎಂಬ 60 ವರ್ಷದ ಮಹಿಳೆ ಆಂದಲೂಸಿಯಾ ಪ್ರಾಂತದ ಟಿವಿ ಕಾರ್ಯಕ್ರಮವೊಂದರಲ್ಲಿ ಕುಳಿತು, ನಾಲ್ಕು ದಶಕಗಳ ಕಾಲ ಗಂಡ ಕೊಟ್ಟ ಹಿಂಸೆಯನ್ನು ಹೇಳಿದರು. ಹಲವು ಬಾರಿ ದೂರು ಕೊಟ್ಟಿದ್ದರು. ವಿಚ್ಛೇದನವೂ ಆಗಿತ್ತು, ಆದರೆ ನ್ಯಾಯಾಲಯ ಇಬ್ಬರಿಗೂ ಒಂದೇ ಮನೆಯನ್ನು ಹಂಚಿಕೊಟ್ಟಿತ್ತು. ಕಾರ್ಯಕ್ರಮ ಪ್ರಸಾರವಾದ ಎರಡೇ ವಾರಗಳೊಳಗೆ ಮಾಜಿ ಗಂಡ ಅವರನ್ನು ಆ ಮನೆಯಂಗಳದಲ್ಲೇ ಸುಟ್ಟು ಕೊಂದ. ದೇಶವಿಡೀ ಕೆರಳಿತು. 2004ರ ಡಿಸೆಂಬರ್‌ನಲ್ಲಿ ಸಮಗ್ರ ಕಾಯ್ದೆ ಬಂತು. 2007ರ ಜುಲೈನಲ್ಲಿ 'ವಿಯೋಹೆನ್' ಎಂಬ ಕಂಪ್ಯೂಟರ್ ವ್ಯವಸ್ಥೆ ಕೆಲಸ ಆರಂಭಿಸಿತು.

ಅಲ್ಲಿ ದೂರು ದಾಖಲಾದ ಕೂಡಲೇ ಅಧಿಕಾರಿ ನಿಗದಿತ ಪ್ರಶ್ನೆಗಳಿಗೆ ಉತ್ತರ ತುಂಬುತ್ತಾರೆ. ಯಂತ್ರ ಅಪಾಯದ ಮಟ್ಟವನ್ನು ಹೇಳುತ್ತದೆ. ಮೊದಲಿಗೆ ಮಟ್ಟಗಳು ಐದಿದ್ದವು, 'ಕಾಣುವುದಿಲ್ಲ' ಎಂಬುದರಿಂದ 'ಅತಿ ತೀವ್ರ'ದವರೆಗೆ. ಒಂದೊಂದಕ್ಕೂ ಪೊಲೀಸರು ಏನು ಮಾಡಬೇಕೆಂಬುದು ನಿಗದಿಯಾಗಿದೆ. ಕೆಳಗಿನ ಮಟ್ಟದಲ್ಲಿ ಫೋನಿನ ಸಂಪರ್ಕ, ಮಧ್ಯದಲ್ಲಿ ಆಗಾಗ ಮನೆಯ ಬಳಿ ಗಸ್ತು, ಅತಿ ತೀವ್ರವಾದರೆ ದಿನದ 24 ಗಂಟೆ ಕಾವಲು. ಒಮ್ಮೆ ಅಳೆದು ಕಡತ ಮುಚ್ಚುವಂತಿಲ್ಲ. ಅತಿ ತೀವ್ರ ಮಟ್ಟದ ಪ್ರಕರಣವನ್ನು 72 ಗಂಟೆಗಳೊಳಗೆ, ತೀವ್ರ ಮಟ್ಟದ್ದನ್ನು ವಾರದೊಳಗೆ, ಮಧ್ಯಮದ್ದನ್ನು ತಿಂಗಳೊಳಗೆ ಮತ್ತೆ ಅಳೆಯಬೇಕು. ಅಪಾಯ ದಿನದಿನಕ್ಕೂ ಬದಲಾಗುತ್ತದೆ ಎಂಬ ತಿಳಿವಳಿಕೆಯನ್ನು ನಿಯಮವಾಗಿಯೇ ಬರೆದಿಟ್ಟದ್ದು ಸ್ಪೇನಿನ ದೊಡ್ಡ ಕೊಡುಗೆ. ವಿಚ್ಛೇದನದ ನೋಟಿಸ್ ಕೈಸೇರಿದ ದಿನ, ಮಗುವನ್ನು ಯಾರು ಇಟ್ಟುಕೊಳ್ಳಬೇಕೆಂಬ ಆದೇಶ ಬಂದ ದಿನ, ಅವಳ ಬದುಕಿನಲ್ಲಿ ಇನ್ನೊಬ್ಬನಿದ್ದಾನೆಂದು ಅವನಿಗೆ ಗೊತ್ತಾದ ದಿನ ನಿನ್ನೆಯ ಅಂಕ ಹಳತಾಗಿಬಿಡುತ್ತದೆ.

ಕುಂದುಗಳೂ ಅಷ್ಟೇ ಸ್ಪಷ್ಟ. ಅಧಿಕಾರಿಗೆ ಯಂತ್ರ ಹೇಳಿದ ಮಟ್ಟವನ್ನು ಏರಿಸುವ ಅಧಿಕಾರವಿದೆ. ಆದರೆ ಎತಿಕಾಸ್ ಎಂಬ ಸಂಸ್ಥೆ 2022ರಲ್ಲಿ ಹೊರಗಿನಿಂದ ನಡೆಸಿದ ತಪಾಸಣೆಯ ಪ್ರಕಾರ, ನೂರಕ್ಕೆ 95ರಷ್ಟು ಪ್ರಕರಣಗಳಲ್ಲಿ ಯಂತ್ರದ ಮಟ್ಟವೇ ಉಳಿಯುತ್ತದೆ. 'ಕಡಿಮೆ ಅಪಾಯ' ಎಂದು ಮುದ್ರೆ ಬಿದ್ದ ಕೆಲವು ಹೆಂಗಸರು ಆಮೇಲೆ ಕೊಲೆಯಾದರು. ಹೊಡೆತ ತಿಂದ ರಾತ್ರಿಯೇ, ಭಯದಲ್ಲಿ, ಅಪರಿಚಿತ ಅಧಿಕಾರಿಯ ಮುಂದೆ ಹೆಂಗಸು ಪೂರ್ತಿ ಹೇಳಿಕೊಳ್ಳಲಾರಳು. ಹೇಳದ್ದು ಯಂತ್ರಕ್ಕೆ 'ಇಲ್ಲ' ಎಂದೇ ಅರ್ಥವಾಗುತ್ತದೆ. ಅದಕ್ಕೂ ದೊಡ್ಡ ಕೊರತೆಯೆಂದರೆ, ಸ್ಪೇನಿನಲ್ಲಿ ಕೊಲೆಯಾದ ಹೆಂಗಸರಲ್ಲಿ ಬಹುಪಾಲು ಮಂದಿ ದೂರನ್ನೇ ಕೊಟ್ಟಿರಲಿಲ್ಲ. ಠಾಣೆಯ ಮೆಟ್ಟಿಲು ಹತ್ತದವಳನ್ನು ಯಾವ ಪ್ರಶ್ನಾವಳಿಯೂ ಅಳೆಯಲಾರದು.

ಬ್ರಿಟನ್ನಿನ ಅನುಭವದಲ್ಲಿ ಎರಡು ಪಾಠಗಳಿವೆ. 2003ರಲ್ಲಿ ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಪೊಲೀಸ್, ಆಸ್ಪತ್ರೆ, ವಸತಿ ಇಲಾಖೆ, ಮಕ್ಕಳ ರಕ್ಷಣಾ ಸಿಬ್ಬಂದಿ, ಮಹಿಳಾ ಸಂಘಟನೆಗಳು ಒಂದೇ ಮೇಜಿನ ಸುತ್ತ ಕುಳಿತು, ಅತಿ ಅಪಾಯದಲ್ಲಿರುವ ಒಬ್ಬೊಬ್ಬ ಹೆಂಗಸಿನ ವಿಷಯವನ್ನೂ ಮಾತಾಡುವ ಸಭೆ ಶುರುವಾಯಿತು. ಬೀಗ ಬದಲಿಸುವುದರಿಂದ ಹಿಡಿದು ಮಗುವಿನ ಶಾಲೆ ಬದಲಿಸುವವರೆಗೆ ಯಾರು ಏನು ಮಾಡಬೇಕೆಂದು ಅಲ್ಲೇ ಹಂಚಿಕೊಳ್ಳುತ್ತಾರೆ. ಇದು ದೇಶವಿಡೀ ಹಬ್ಬಿತು. 2009ರಲ್ಲಿ ಬಂದ 'ಡ್ಯಾಶ್' ಎಂಬ ಪೊಲೀಸ್ ಪ್ರಶ್ನಾವಳಿಯ ಕಥೆ ಅಷ್ಟು ಒಳ್ಳೆಯದಲ್ಲ. ಎಮಿಲಿ ಟರ್ನರ್, ಹುವಾನ್‌ಹೊ ಮೆಡಿನಾ, ಗ್ಯಾವಿನ್ ಬ್ರೌನ್ 2019ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಮುಂದೆ ಗಂಭೀರ ಹಿಂಸೆ ಮರುಕಳಿಸಿದ ಪ್ರಕರಣಗಳ ಬಹುಪಾಲನ್ನು ಪೊಲೀಸರು ಸಾಮಾನ್ಯ ಅಥವಾ ಮಧ್ಯಮ ಎಂದೇ ಗುರುತಿಸಿದ್ದು ಗೊತ್ತಾಯಿತು. ಪ್ರಶ್ನೆಗಳನ್ನು ಅವಸರದಲ್ಲಿ ಕೇಳುವುದು, ಕೆಲವನ್ನು ಬಿಟ್ಟೇಬಿಡುವುದು, ಕಾಣುವ ಗಾಯಕ್ಕೆ ತೂಕ ಕೊಟ್ಟು ನಿತ್ಯದ ಹಿಡಿತ, ಕಣ್ಗಾವಲು, ಹಣ ಕಿತ್ತುಕೊಳ್ಳುವುದನ್ನು ಕಡೆಗಣಿಸುವುದು ರೂಢಿಯಾಗಿತ್ತು. ಹೀಗಾಗಿ ಗಸ್ತಿನ ಪೊಲೀಸರಿಗೆಂದೇ ಬೇರೊಂದು ಪ್ರಶ್ನಾವಳಿಯನ್ನು ರೂಪಿಸಿದರು.

ಇವು ಎಷ್ಟು ನಂಬಲರ್ಹ? ಮತ್ತೆ ಹೊಡೆದವನೊಬ್ಬನನ್ನೂ ಹೊಡೆಯದವನೊಬ್ಬನನ್ನೂ ಎದುರಿಗೆ ನಿಲ್ಲಿಸಿದರೆ ಪ್ರಶ್ನಾವಳಿ ಎಷ್ಟು ಬಾರಿ ಮೊದಲನೆಯವನಿಗೆ ಹೆಚ್ಚು ಅಂಕ ಕೊಡುತ್ತದೆ ಎಂದು ನೋಡುವುದು ಸಾಮಾನ್ಯ ಪರೀಕ್ಷೆ. ಕಣ್ಣುಮುಚ್ಚಿ ಹೇಳಿದರೂ ನೂರಕ್ಕೆ ಐವತ್ತು ಸರಿಯಾಗುತ್ತದೆ. ಒಡಾರಾದಂಥವು ಎಪ್ಪತ್ತರ ಆಸುಪಾಸಿನಲ್ಲಿವೆ. ಊಹೆಗಿಂತ ಖಂಡಿತ ಮೇಲು, ಆದರೆ ಭವಿಷ್ಯವಾಣಿ ಅಲ್ಲ. ಕೊಲೆಯ ವಿಷಯದಲ್ಲಿ ಲೆಕ್ಕ ಇನ್ನೂ ಕಷ್ಟ. ಕೊಲೆ ಅಪರೂಪವಾದ್ದರಿಂದ, ಅತಿ ತೀವ್ರ ಎಂದು ಗುರುತಿಸಿದವರಲ್ಲೂ ಹೆಚ್ಚಿನವರು ಕೊಲ್ಲುವುದಿಲ್ಲ. ಅಂಕವೊಂದನ್ನೇ ಹಿಡಿದು ಒಬ್ಬನನ್ನು ಜೈಲಿನಲ್ಲಿಡುವುದು ನ್ಯಾಯವಲ್ಲ. ಅಂಕ ಕಡಿಮೆಯೆಂದು ಒಬ್ಬಳನ್ನು ಕೈಬಿಡುವುದಂತೂ ಅದಕ್ಕಿಂತ ಕೆಟ್ಟದ್ದು. ಪೊಲೀಸ್ ವಾಹನ, ಆಶ್ರಯಧಾಮದ ಹಾಸಿಗೆ, ವಕೀಲರ ಸಮಯ ಮಿತವಾಗಿರುವಾಗ ಮೊದಲು ಯಾರ ಮನೆಗೆ ಧಾವಿಸಬೇಕು ಎಂದು ನಿರ್ಧರಿಸುವುದಕ್ಕೆ ಈ ಅಂದಾಜು ಸರಿಯಾದ ಸಾಧನ.

ಬಂಧಿಸಿದರೆ ಹಿಂಸೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೂ ಸರಳ ಉತ್ತರವಿಲ್ಲ. 1981–82ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಲಾರೆನ್ಸ್ ಶೆರ್ಮನ್ ಮತ್ತು ರಿಚರ್ಡ್ ಬರ್ಕ್ ನಡೆಸಿದ ಪ್ರಯೋಗದಲ್ಲಿ ಬಂಧಿತರಲ್ಲಿ ನೂರಕ್ಕೆ 10, ಬುದ್ಧಿಮಾತು ಹೇಳಿಸಿಕೊಂಡವರಲ್ಲಿ 19, ಕೆಲವು ಗಂಟೆ ಮನೆಯಿಂದಾಚೆ ಕಳಿಸಲ್ಪಟ್ಟವರಲ್ಲಿ 24 ಮಂದಿ ಆರು ತಿಂಗಳೊಳಗೆ ಮತ್ತೆ ಹಿಂಸೆಗಾಗಿ ಪೊಲೀಸ್ ದಾಖಲೆಗೆ ಬಂದರು. ಆಮೇಲೆ ಮಿಲ್ವಾಕಿಯಲ್ಲಿ ಇದೇ ಪ್ರಯೋಗ ಮಾಡಿದಾಗ, ಉದ್ಯೋಗವಿದ್ದವರನ್ನು ಬಂಧನ ತಡೆಯಿತು, ನಿರುದ್ಯೋಗಿಗಳನ್ನು ಕೆರಳಿಸಿತು. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಒಂದು ರಾತ್ರಿಯ ಲಾಕಪ್ ಲೆಕ್ಕಕ್ಕಿಲ್ಲ. ಅಂಥವನ ಹೆಂಡತಿಗೆ ಬಂಧನದ ಜತೆಗೆ ಬೇರೆ ರಕ್ಷಣೆಯೂ ಬೇಕು.

ಎಲ್ಲ ಲೆಕ್ಕಗಳ ನಡುವೆ ಹೆಂಗಸಿನ ಸ್ವಂತ ಅಂದಾಜಿಗೆ ಎಷ್ಟು ಬೆಲೆ? ಮತ್ತೆ ಹೊಡೆಯುತ್ತಾನೆ ಎಂದು ಅವಳು ಹೇಳಿದರೆ ಅದು ಪರಿಣತರ ಪಟ್ಟಿಗಳಿಗೆ ಸರಿಸಮ, ಕೆಲವೊಮ್ಮೆ ಅದಕ್ಕೂ ಮೇಲು ಎಂದು ಹಲವು ಅಧ್ಯಯನಗಳು ಹೇಳಿವೆ. ಅವನ ಹೆಜ್ಜೆಯ ಸದ್ದಿನಲ್ಲೇ ಆ ರಾತ್ರಿ ಏನಾಗಲಿದೆ ಎಂದು ತಿಳಿಯಬಲ್ಲವಳು ಅವಳು. ಆದರೆ ಉಲ್ಟಾ ಮಾತು ನಿಜವಲ್ಲ. ಕೊಲೆಯ ಯತ್ನದಿಂದ ಬದುಕುಳಿದವರನ್ನು ಮಾತಾಡಿಸಿದಾಗ ಅರ್ಧದಷ್ಟು ಮಂದಿ 'ಜೀವಕ್ಕೇ ಕೈಹಾಕುತ್ತಾನೆ ಎಂದುಕೊಂಡಿರಲಿಲ್ಲ' ಎಂದಿದ್ದರು. ಅವಳು ಹೆದರಿದರೆ ನಂಬಬೇಕು, ಹೆದರದಿದ್ದರೂ ವಿಚಾರಿಸಬೇಕು.

ಕರ್ನಾಟಕಕ್ಕೆ ಇದೆಲ್ಲ ದೂರದ ಸುದ್ದಿಯಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಗಂಡನ ಹಿಂಸೆ ಅನುಭವಿಸಿದವರ ಪ್ರಮಾಣ ದೇಶದಲ್ಲಿ ಶೇ. 29.3, ಕರ್ನಾಟಕದಲ್ಲಿ ಶೇ. 44.4. ರಾಜ್ಯಗಳಲ್ಲೇ ಇದು ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ನಮ್ಮ ಅಂಕಿ ಶೇ. 20.6 ಇತ್ತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಕುಳಿತು, 'ಸ್ಟೋವ್ ಸಿಡಿದು' ಎಂದು ದಾಖಲಾಗುತ್ತಿದ್ದ ಸಾವುಗಳ ಹಿಂದಿನ ಹಿಂಸೆಯ ಚರಿತ್ರೆಯನ್ನು ಬಯಲಿಗೆ ತಂದರು. ಆ ಸಾವುಗಳನ್ನು ಆಕಸ್ಮಿಕ ಎಂದು ಬರೆದಾಗ ಮುನ್ಸೂಚನೆಗಳೂ ಅಳಿಸಿಹೋಗುತ್ತಿದ್ದವು.

ನಮ್ಮ ಕಾನೂನು ಅಪಾಯದ ಅಂದಾಜನ್ನು ಆಗಲೇ ಕೇಳುತ್ತಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ, 2005 ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಗಳ ಪ್ರಕಾರ ಸಂರಕ್ಷಣಾಧಿಕಾರಿಯು ಸನ್ನಿವೇಶದ ಅಪಾಯಗಳನ್ನು ಅಂದಾಜು ಮಾಡಿ, ಮಹಿಳೆಯೊಂದಿಗೆ ಸಮಾಲೋಚಿಸಿ, ನಮೂನೆ 5ರಲ್ಲಿ ಸುರಕ್ಷತಾ ಯೋಜನೆ ಸಿದ್ಧಪಡಿಸಬೇಕು. ಆ ನಮೂನೆಯಲ್ಲಿ ನಡೆದ ಹಿಂಸೆ, ಅದರ ಪರಿಣಾಮ, ಅವಳಿಗಿರುವ ಭಯ, ಬೇಕಾದ ಸುರಕ್ಷತಾ ಕ್ರಮ, ಕೇಳುವ ಆದೇಶ ಎಂದು ಸಾಲುಗಳಿವೆ. ಹಿಂಸೆ ಮರುಕಳಿಸುವ, ಉಲ್ಬಣಿಸುವ ಭಯವನ್ನು ಬರೆಯುವುದಕ್ಕೆಂದೇ ಜಾಗವಿದೆ. ನ್ಯಾಯಾಲಯದ ಸಂರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಆದೇಶ ಮುರಿಯುವುದನ್ನು ಹೊರದೇಶಗಳ ಬಹುತೇಕ ಪಟ್ಟಿಗಳು ದೊಡ್ಡ ಮುನ್ಸೂಚನೆಯೆಂದೇ ಎಣಿಸುತ್ತವೆ. ಬಂಧನದ ವಿಷಯದಲ್ಲೂ ಹಾಗೆಯೇ. ವೈವಾಹಿಕ ಕ್ರೌರ್ಯದ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿತು. ಆ ತೀರ್ಪಿನ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡವರು ಬಹಳ. ಬಂಧನಕ್ಕೆ ಕಾನೂನು ಒಪ್ಪುವ ಕಾರಣಗಳಲ್ಲಿ ಮೊದಲನೆಯದೇ ಆರೋಪಿ ಮತ್ತೆ ಅಪರಾಧ ಎಸಗದಂತೆ ತಡೆಯುವುದು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲೂ ಅದು ಇದೆ. ಬಂಧಿಸಿದರೂ ಬಂಧಿಸದಿದ್ದರೂ ಕಾರಣ ಬರೆಯಬೇಕು. ಅಪಾಯವನ್ನು ಅಳೆಯದೆ ಆ ಕಾರಣ ಬರೆಯುವುದು ಹೇಗೆ?

ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತವರು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಅಂಗನವಾಡಿಗಳ ಇಡೀ ಭಾರ ಅವರ ತಲೆಯ ಮೇಲಿದೆ. ನಮೂನೆ 5 ಒಂದೆರಡು ಸಾಲಿನಲ್ಲಿ ಮುಗಿದರೆ ಅದನ್ನು ಅವರೊಬ್ಬರ ತಪ್ಪೆನ್ನಲಾಗದು. ಪೂರ್ಣಾವಧಿ ಅಧಿಕಾರಿ ಮತ್ತು ತರಬೇತಿ ಇಲ್ಲದೆ ಈ ಕೆಲಸ ಆಗುವಂಥದ್ದಲ್ಲ. ಹೊರಗಿನ ಪಟ್ಟಿಯನ್ನು ಹಾಗೇ ತಂದರೂ ಸಾಲದು. ಅಮೆರಿಕದ ಪಟ್ಟಿಯಲ್ಲಿ ಬಂದೂಕಿಗೆ ಇರುವ ಜಾಗದಲ್ಲಿ ಇಲ್ಲಿ ಮಚ್ಚು, ಸೀಮೆಎಣ್ಣೆ, ಆ್ಯಸಿಡ್ ಇರಬೇಕು. ಹಿಂದಿನ ಶಿಕ್ಷೆಗಳನ್ನು ಎಣಿಸುವ ಪಟ್ಟಿ ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಮೂರು ಬಾರಿ ಠಾಣೆಗೆ ಬಂದು ರಾಜಿಯಲ್ಲಿ ಮುಗಿದ ಹಲ್ಲೆ ಯಾವ ಶಿಕ್ಷೆಯಾಗಿಯೂ ದಾಖಲಾಗಿರುವುದಿಲ್ಲ. ಹೊಡೆಯುವವನು ಒಬ್ಬನೇ ಎಂದುಕೊಂಡರೆ ಅತ್ತೆ, ಮೈದುನ, ವರದಕ್ಷಿಣೆಯ ಬೇಡಿಕೆ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಅಲ್ಲಿ ಬೇರೆಯಾಗುವುದು ಎಂದರೆ ಬೇರೆ ಮನೆ ಮಾಡುವುದು. ಇಲ್ಲಿ ತವರಿಗೆ ಹೋಗುವುದು. ಕರೆಯಲು ಬಂದವನ ಜತೆ ನಾಲ್ಕು ಹಿರಿಯರು ಸೇರಿ 'ಹೊಂದಿಕೊಂಡು ಹೋಗಮ್ಮ' ಎಂದು ಕಳಿಸಿಕೊಡುವ ಹೊತ್ತು, ಅಧ್ಯಯನಗಳು ಅತಿ ಅಪಾಯದ್ದೆಂದು ಹೇಳುವ ಹೊತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಜಗಳಕ್ಕೆ ಸರಿ. ಕತ್ತಿಗೆ ಕೈಹಾಕಿದವನ ವಿಷಯಕ್ಕೆ ಅದನ್ನು ಎಳೆದು ತರಬಾರದು.

ತುರ್ತು ಚಿಕಿತ್ಸಾ ವಿಭಾಗಗಳಿಗೆಂದು ಕ್ಯಾಂಪ್‌ಬೆಲ್ ತಂಡವೇ ಐದು ಪ್ರಶ್ನೆಗಳ ಕಿರುರೂಪವನ್ನು 2009ರಲ್ಲಿ ಕೊಟ್ಟಿದೆ. ಆರು ತಿಂಗಳಿಂದ ಹೊಡೆತ ಹೆಚ್ಚಾಗಿದೆಯೇ ಅಥವಾ ಜೋರಾಗಿದೆಯೇ? ಆಯುಧ ಬಳಸಿದ್ದಾನೆಯೇ, ತೋರಿಸಿ ಬೆದರಿಸಿದ್ದಾನೆಯೇ? ನಿಮ್ಮನ್ನು ಕೊಲ್ಲಬಲ್ಲ ಎನ್ನಿಸುತ್ತದೆಯೇ? ಬಸುರಿಯಿದ್ದಾಗ ಹೊಡೆದಿದ್ದಾನೆಯೇ? ಸದಾ ಅನುಮಾನಪಟ್ಟು ಹಿಂಸಿಸುತ್ತಾನೆಯೇ? ಇವುಗಳಲ್ಲಿ ಮೂರಕ್ಕೆ ಹೌದು ಎಂದರೆ ಅದು ಅತಿ ಅಪಾಯದ ಸೂಚನೆ. ಕತ್ತು ಹಿಸುಕಿದ್ದಾನೆಯೇ ಎಂಬುದನ್ನೂ ಸೇರಿಸಿ ಕೇಳಿದರೆ ಐದು ನಿಮಿಷದ ಕೆಲಸ. ಇದಕ್ಕೆ ಯಂತ್ರ ಬೇಡ, ಹೊಸ ಕಾಯ್ದೆಯೂ ಬೇಡ. ಮಹಿಳಾ ಠಾಣೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ, ಸಾಂತ್ವನ ಮತ್ತು ಸಖಿ ಕೇಂದ್ರಗಳಲ್ಲಿ ಕುಳಿತವರು ರಾಜಿಯ ಮಾತೆತ್ತುವ ಮೊದಲು ಈ ಪ್ರಶ್ನೆಗಳನ್ನು, ಗಂಡನ ಕಡೆಯವರನ್ನೆಲ್ಲ ಹೊರಗೆ ಕಳಿಸಿ, ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಲಿ, ಉತ್ತರಗಳನ್ನು ನಮೂನೆಯಲ್ಲಿ ಬರೆಯಲಿ. ಮಗಳು, ತಂಗಿ, ಪಕ್ಕದ ಮನೆಯಾಕೆ ಇಂಥ ಮಾತು ಹೇಳಿಕೊಂಡರೆ ಓದುಗರೂ ಇವನ್ನೇ ಕೇಳಬಹುದು. ಹೌದು ಎಂಬ ಉತ್ತರ ಬಂದರೆ ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭದಲ್ಲಿ 112.